ಇನ್ನೂ ಎರಡು ರೊಟ್ಟಿ ಹೊತ್ತು

ಕಳೆದ ತಿಂಗಳು ಲಗ್ನಪತ್ರಿಕೆ ಕೊಡಲು ಶಿಗ್ಗಾಂವಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಒಬ್ಬ ಇಸ್ತ್ರಿಯವನು ತನ್ನ ಪೆಟ್ಟಿಗೆಗೆ ಇದ್ದಿಲು ತುಂಬಿ ಗಾಳಿ ಹಾಕುತ್ತಿದ್ದ. ಇದ್ದಿಲು ಹಸಿಯಾಗಿತ್ತು ಅಂತ ಕಾಣುತ್ತದೆ, ಬಿಳಿ ಹೊಗೆ ಎದ್ದು ನೇರ ನನ್ನ ಮುಖಕ್ಕೇ ಬಂತು. ಜೊತೆಗಿದ್ದ ಮೊಮ್ಮಗಳು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ನಾನು ಮಾತ್ರ ಅಲ್ಲೇ ನಿಂತು, "ಇದಕ್ಕ ಇನ್ನೂ ಆರು ರೊಟ್ಟಿ ಹೊತ್ತು ಬೇಕು" ಅಂದುಬಿಟ್ಟೆ. ಮುದುಕನಿಗೆ ಹಸಿವಾಗಿದೆ ಎಂದುಕೊಂಡು ಪಾಪ, ಅವನು ಎದುರಿನ ಹೋಟೆಲು ತೋರಿಸಿದ.

ತಪ್ಪು ಅವನದಲ್ಲ. ರೊಟ್ಟಿಯಿಂದ ಹೊತ್ತು ಅಳೆಯುವ ಪದ್ಧತಿ ಆ ಊರಿನಲ್ಲಿ ಈಗ ಯಾರಿಗೂ ನೆನಪಿಲ್ಲ. ನಾನು ಅದನ್ನು ಕಲಿತದ್ದು ಇಪ್ಪತ್ತರ ವಯಸ್ಸಿನಲ್ಲಿ, ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಮೋಟಾರುಗಳ ಬೆನ್ನಿಗೆ ಇದ್ದಿಲ ಭಟ್ಟಿ ಕಟ್ಟಿ ಓಡಿಸುತ್ತಿದ್ದ ಕಾಲದಲ್ಲಿ. ಮಾನವಮಿಯಿಂದ ಯುಗಾದಿಯವರೆಗೆ, ಎಲ್ಲಾ ಸೇರಿ ಆರು ತಿಂಗಳೂ ತುಂಬದು. ನನ್ನ ಇಡೀ ವ್ಯಾಪಾರದ ವಿದ್ಯೆಯನ್ನು ಆ ಆರು ತಿಂಗಳೇ ಕಲಿಸಿದವು.

ನಮ್ಮೂರು ಸವಣೂರು ತಾಲೂಕಿನ ಹತ್ತಿಮತ್ತೂರು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಆಗಿನ ಕಾಲಕ್ಕೆ ಅಷ್ಟಾದರೆ ಮಾಸ್ತರಕಿ ಸಿಗುತ್ತಿತ್ತು, ಅದು ಬೇಡವೆಂದರೆ ಅಪ್ಪನ ಎತ್ತುಗಳು ಹೇಗೂ ಇದ್ದವು. ನನಗೆ ಎರಡೂ ಬೇಡವಾಗಿತ್ತು. ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಅರ್ಧ ವರ್ಷ ಕೆಲಸ ಮಾಡಿ, ಅಲ್ಲಿನ ಖಾನಾವಳಿಗಳ ಮುಂದೆ ಜನ ಸರತಿ ನಿಲ್ಲುವುದನ್ನು ನೋಡಿ, ತಲೆ ತುಂಬ ಗಾಳಿ ತುಂಬಿಕೊಂಡು ಊರಿಗೆ ಬಂದೆ. ಬಂದವನೇ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ನನ್ನ ಗುರಿ ಸಾರಿದೆ. ವರ್ಷದೊಳಗೆ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ಊರಲ್ಲಿ ನನ್ನ ಖಾನಾವಳಿ ನಡೆಯಬೇಕು, ದಿನಕ್ಕೆ ಒಂದೊಂದರಲ್ಲೂ ನೂರು ತಾಟು ಊಟ ಏಳಬೇಕು.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡ. "ನಾಕು ಊರು ನಾಕು ದಿಕ್ಕಿಗೆ ಅದಾವ. ನಿನಗಿರೋದು ಎರಡ ಕಾಲು" ಅಂದ. ಆಮೇಲೆ ಮನಸ್ಸು ಕರಗಿ ಒಂದು ಒಪ್ಪಂದಕ್ಕೆ ಬಂದ. ಯುಗಾದಿಯವರೆಗೆ ಮನೆಯ ಜೋಳ ಚಕ್ಕಡಿಯಲ್ಲಿ ಕಳಿಸುತ್ತಾನೆ. ಅಷ್ಟರೊಳಗೆ ನಾಲ್ಕು ಊರು ಹೋಗಲಿ, ಒಂದೇ ಊರಿನಲ್ಲಿ ಖಾನಾವಳಿ ತನ್ನ ಜೋಳ ತಾನು ಕೊಂಡು ತಿನ್ನುವಂತೆ ಆಗಬೇಕು. ಆಗದಿದ್ದರೆ ನಾನು ನೇಗಿಲು ಹಿಡಿಯಬೇಕು, ಚಿಗವ್ವ ಮನೆಗೆ ಮರಳಬೇಕು.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ ಗಂಗವ್ವ. ಕಾಕಾ ತೀರಿಕೊಂಡಾಗ ಆಕೆಗೆ ಇಪ್ಪತ್ತೆರಡು. ಅಂದಿನಿಂದ ಹದಿಮೂರು ವರ್ಷ ನಮ್ಮ ಮನೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಸುತ್ತ ಹತ್ತು ಹಳ್ಳಿಯಲ್ಲಿ ಅಂಥ ತೆಳ್ಳನೆಯ ರೊಟ್ಟಿ ಇರಲಿಲ್ಲ. ಅವ್ವ ಕೆಟ್ಟವಳಲ್ಲ, ಆದರೂ ಇಂದು ಎಷ್ಟು ರೊಟ್ಟಿ, ಏನು ಪಲ್ಯ ಎಂದು ಹೇಳುವವಳು ಅವ್ವ, ಬಡಿಯುವವಳು ಚಿಗವ್ವ, ಎಲ್ಲರದೂ ಆದ ಮೇಲೆ ಉಣ್ಣುವವಳೂ ಚಿಗವ್ವ. ನನ್ನ ಜೊತೆ ಬರುತ್ತೀಯಾ ಎಂದು ಕೇಳಿದಾಗ ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಎಷ್ಟ ರೊಟ್ಟಿ ಬಡೀಬೇಕಂತ ನಾನ ಹೇಳಬೌದೇನು?" ಎಂದು ಕೇಳಿದಳು. ಹೌದು ಎಂದೆ. ಅಷ್ಟಕ್ಕೇ ಗಂಟು ಕಟ್ಟಿಕೊಂಡು ಹೊರಟಳು. ನಾನು ಸೋತರೆ ನನಗೆ ಎತ್ತಿನ ಬಾಲ, ಅದೇನು ದೊಡ್ಡದಲ್ಲ. ಆಕೆಗೆ ಮತ್ತೆ ಅದೇ ಮೂಲೆ. ಈ ಮಾತು ನನಗೆ ಆಗಲೂ ಗೊತ್ತಿತ್ತು, ಆದರೆ ತಲೆಯಲ್ಲಿ ನಾಲ್ಕು ಊರು ತುಂಬಿದ್ದವನಿಗೆ ಅದರ ಭಾರ ತಿಳಿದಿರಲಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ಬೋರ್ಡು ಬರೆಸಿದ್ದು. ಸವಣೂರಿನಲ್ಲಿ ಟಾಂಗಾಗಳಿಗೆ ಬಣ್ಣ ಹೊಡೆಯುವವನೊಬ್ಬನಿದ್ದ. ಖಾನಾವಳಿ ಎಂದು ದೊಡ್ಡದಾಗಿ ಬರೆದು, ಕೆಳಗೆ ನಾಲ್ಕೂ ಊರಿನ ಹೆಸರು ಬರೆಯಲು ಹೇಳಿದೆ. ಅವನು ಕುಂಚ ಎತ್ತಿ ಹಿಡಿದು, ನಾಲ್ಕೂ ಕಡೆ ಈಗ ನಡೆಯುತ್ತಿದೆಯೇ ಎಂದು ವಿಚಾರಿಸಿದ. ನಡೆಯುತ್ತದೆ, ನೀನು ಬರಿ ಅಂದೆ. ಬೋರ್ಡು ತಂದು ಚಿಗವ್ವನಿಗೆ ಓದಿ ಹೇಳಿದಾಗ ಆಕೆ ನಕ್ಕು, "ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾವಿ ಹೊಲಿಸಿದ್ಯಲ್ಲೋ ಫಕೀರಾ" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬನ್ನಿ ಮುಡಿದ ದಿನ, ಶಿಗ್ಗಾಂವದಲ್ಲಿ ಮೋಟಾರು ನಿಲ್ಲುವ ಜಾಗದ ಎದುರಿಗೆ, ಎರಡು ಖೋಲಿಯ ಮನೆಯೊಂದರ ನೆತ್ತಿಗೆ ಅದನ್ನು ಏರಿಸಿದೆ.

ಜಾಗ ಒಳ್ಳೆಯದೇ. ಹುಬ್ಬಳ್ಳಿಯಿಂದ ಬರುವ, ಹೋಗುವ ಮೋಟಾರುಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು. ಬೂದಿ ತೆಗೆದು, ಹೊಸ ಇದ್ದಿಲು ತುಂಬಿ, ಕ್ಲೀನರ್ ಹಿಂದೆ ನಿಂತು ಗಾಳಿಯ ಚಕ್ರ ತಿರುಗಿಸುತ್ತಿದ್ದ. ಒಂದು ದಿನ ಭಟ್ಟಿ ಬೇಗ ಹತ್ತುತ್ತಿತ್ತು, ಇನ್ನೊಂದು ದಿನ ಸೂರ್ಯ ನೆತ್ತಿಯಿಂದ ಜಾರಿದರೂ ಹತ್ತುತ್ತಿರಲಿಲ್ಲ. ಆದರೆ ಹತ್ತಿತೆಂದರೆ ಡ್ರೈವರ್ ಹೆತ್ತಪ್ಪನಿಗೂ ಕಾಯುತ್ತಿರಲಿಲ್ಲ. ಹಾರ್ನ್ ಒತ್ತಿದನೆಂದರೆ ಹೊರಟಂತೆಯೇ.

ನಮ್ಮ ಎಡವಟ್ಟು ಶುರುವಾದದ್ದು ಇಲ್ಲಿಯೇ. ಚಿಗವ್ವನಿಗೆ ಗಿರಾಕಿ ಎಂಬ ಮಾತೇ ಗೊತ್ತಿರಲಿಲ್ಲ, ಬಾಗಿಲಿಗೆ ಬಂದವರೆಲ್ಲ ಬೀಗರು. ಒಳಗಿನಿಂದಲೇ ನನ್ನ ಮೂಲಕ ಯಾವೂರು, ಯಾರ ಮನೆಯವರು ಎಂದು ವಿಚಾರಿಸುತ್ತಿದ್ದಳು. ಹೇಗೋ ತಿರುಗಿಸಿ ಮುರುಗಿಸಿ ಒಂದು ಸಂಬಂಧ ಹುಡುಕುತ್ತಿದ್ದಳು. ಸಂಬಂಧ ಸಿಕ್ಕ ಮೇಲೆ ಎರಡು ರೊಟ್ಟಿಗೇ ಏಳುತ್ತೇನೆಂದರೆ ಬಿಡುವುದುಂಟೆ? ಬದನೆಕಾಯಿ ಎಣ್ಣೆಗಾಯಿ ಇನ್ನೊಂದು, ಅದರ ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಬೆಣ್ಣೆ. ನಮ್ಮ ಕಡೆಯ ಮನುಷ್ಯನೂ ಅಷ್ಟೇ, ಮೂರು ಸಲ ಬ್ಯಾಡ ಅನ್ನದೆ ನಾಲ್ಕನೆಯ ಸಲ ಹೂಂ ಅನ್ನುವುದಿಲ್ಲ. ಈ ಬ್ಯಾಡ, ಇರಲಿಗಳ ನಡುವೆ ಹಾರ್ನ್ ಆಗುತ್ತಿತ್ತು. ಊಟಕ್ಕೆ ಕೂತವರು ಅರ್ಧ ತಾಟು ಬಿಟ್ಟು, ಕೈ ಕೂಡ ತೊಳೆಯದೆ, ಧೋತರದ ಚುಂಗು ಹಿಡಿದು ಓಡುತ್ತಿದ್ದರು. ಒಬ್ಬ ಮಾಸ್ತರರು ಮಜ್ಜಿಗೆಯ ಬಟ್ಟಲು ಕೈಯಲ್ಲೇ ಹಿಡಿದು ಮೋಟಾರು ಹತ್ತಿ, ಎಂಟು ದಿನದ ಮೇಲೆ ಅದನ್ನು ತಂದುಕೊಟ್ಟರು.

ಉಳಿದ ರೊಟ್ಟಿಯ ತುಣುಕುಗಳನ್ನು ಚಿಗವ್ವ ಒಂದು ಬುಟ್ಟಿಗೆ ಹಾಕುತ್ತಿದ್ದಳು. ಪಕ್ಕದ ಮನೆಯ ನೀಲವ್ವ ದಿನವೂ ತನ್ನ ಆಕಳನ್ನು ಹೊಡೆದುಕೊಂಡು ಬಂದು ಆ ಬುಟ್ಟಿ ಖಾಲಿ ಮಾಡಿಸುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಆಕಳ ಮೈ ಮಿರಮಿರ ಮಿಂಚತೊಡಗಿತು. ಅದನ್ನು ನೋಡಿ ನಾನು ಪುಣ್ಯ ಬಂತು ಎಂದುಕೊಂಡೆ, ಚಿಗವ್ವ ಮಾತ್ರ ದಿನಾಲೂ ಬುಟ್ಟಿ ಎಷ್ಟು ತುಂಬಿತೆಂದು ನೋಡುತ್ತಿದ್ದಳು. "ಊಟ ಭಾರಿ ಛಲೋ, ಆದ್ರ ಮೋಟಾರು ತಪ್ಪತೈತಿ" ಎಂಬ ಮಾತು ದಾರಿಯುದ್ದಕ್ಕೂ ಹಬ್ಬಿತು. ಜನ ನಮ್ಮ ಎದುರಿಗೇ ಇಳಿದು, ಚುರುಮರಿ ಕೊಂಡು ತಿಂದು, ಮತ್ತೆ ಹತ್ತುತ್ತಿದ್ದರು. ನೂರು ತಾಟು ಎಂದು ಗೋಡೆಗೆ ಬರೆದುಕೊಂಡವನಿಗೆ ಇಪ್ಪತ್ತು ಮುಟ್ಟಿದರೆ ಹಬ್ಬ.

ಇಂಥ ಹೊತ್ತಿನಲ್ಲಿ ಬುದ್ಧಿವಂತ ಏನು ಮಾಡುತ್ತಾನೆ? ಅಡಿಗೆಮನೆಯ ಕಡೆ ನೋಡುತ್ತಾನೆ. ನಾನು ಮಾಡಿದ್ದು ಬೇರೆ. ಒಂದು ಊರಲ್ಲಿ ಇಪ್ಪತ್ತಾದರೆ ನಾಲ್ಕೂರಲ್ಲಿ ಎಂಬತ್ತು ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು, ವಾರಕ್ಕೆ ಎರಡು ದಿನ ಹಾನಗಲ್ಲಿಗೋ ಹಿರೇಕೆರೂರಿಗೋ ಜಾಗ ನೋಡಲು ಹೋಗುತ್ತಿದ್ದೆ. ಅರಳೆ ಹೇರಿದ ಚಕ್ಕಡಿಗಳ ಮೇಲೆ ಕೂತು, ಚಳಿಗೆ ಕಂಬಳಿ ಹೊದ್ದು, ಯಾವ ಊರಲ್ಲಿ ಯಾವ ಬಾಗಿಲಿಗೆ ಯಾವ ಬಣ್ಣ ಎಂದು ಯೋಚಿಸುವುದು ಎಷ್ಟು ಸುಖ ಅಂತೀರಿ! ಆ ಸುಖ ಎಳ್ಳಮಾವಾಸ್ಯೆಯ ಮಾರನೆಯ ವಾರ ಮುಗಿಯಿತು.

ಅಂದು ಹಿರೇಕೆರೂರಿನ ಅರಳೆ ವ್ಯಾಪಾರಿ ಚನ್ನವೀರಪ್ಪನವರು ಮೋಟಾರಿನಿಂದ ಇಳಿದು ಬಂದರು. ಭಾರಿ ದೇಹ, ಜರಿಯ ರುಮಾಲು. ಹಿಂದೊಮ್ಮೆ ನಮ್ಮಲ್ಲಿ ಉಂಡು, ಬೋರ್ಡು ಓದಿಕೊಂಡು ಹೋಗಿದ್ದರಂತೆ. ಮಗಳನ್ನು ನೋಡಲು ಬೀಗರಾಗುವವರು ಬಂದ ದಿನ ಅವರ ಮನೆಯಾಕೆ ಜ್ವರದಿಂದ ಮಲಗಿ ಒಲೆ ಹಚ್ಚುವವರಿರಲಿಲ್ಲ. ಶಿಗ್ಗಾಂವದವರ ಖಾನಾವಳಿ ನಮ್ಮೂರಲ್ಲೂ ಇದೆಯಲ್ಲ ಎಂದು ಧೈರ್ಯವಾಗಿ ಬೀಗರನ್ನು ಕರೆದುಕೊಂಡು ಪೇಟೆಗೆ ಬಂದಿದ್ದಾರೆ. ಸಂತೆಯ ದಿನ. ಒಂದು ಓಣಿ ಹೊಕ್ಕು ಇನ್ನೊಂದು ಓಣಿ ಹೊರಬಿದ್ದು, ಕಂಡಕಂಡವರನ್ನು ಕೇಳಿ, ಕೊನೆಗೆ ಬೀಗರಿಗೆ ಬಾಳೆಹಣ್ಣು ತಿನ್ನಿಸಿ ಕಳಿಸಿದ್ದಾರೆ. ಇದನ್ನೆಲ್ಲ ಅವರು ಸಿಟ್ಟಿನಿಂದ ಹೇಳಲಿಲ್ಲ, ಹಾಗೆ ಹೇಳಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತು, ಬೆವರು ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು.

"ಯಪ್ಪಾ, ನಿಮ್ಮ ಹಿರೇಕೆರೂರ ಖಾನಾವಳಿ ಯಾವ ಓಣ್ಯಾಗ ಐತಿ? ನಾ ಹುಟ್ಟಿದ ಊರು, ಆದ್ರೂ ಸಿಗಲಿಲ್ಲ ನೋಡು."

ಕೂತವರೆಲ್ಲ ನಕ್ಕರು. ನಾನು ಬಾಗಿಲ ಚೌಕಟ್ಟಿನ ಜೊತೆ ಚೌಕಟ್ಟಾಗಿ ನಿಂತೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಚಿಗವ್ವ ನನ್ನನ್ನು ಕರೆದು ಒಂದು ಬಟ್ಟೆಯ ಗಂಟು ಕೈಗಿಟ್ಟಳು. ಖಡಕ್ ರೊಟ್ಟಿ, ಹಿಂಡಿ, ಕೆಂಪು ಖಾರ, ಒಂದು ಕುಡಿಕೆಯಲ್ಲಿ ಗಟ್ಟಿ ಮೊಸರು, ನಾಲ್ಕು ಜನಕ್ಕಾಗುವಷ್ಟು ಬುತ್ತಿ. ಆ ಬೀಗರ ಮನೆಗೆ ಇದನ್ನು ಮುಟ್ಟಿಸಲು ಹೇಳು ಎಂದಳು. ಚನ್ನವೀರಪ್ಪನವರು ಬೇಡ ಬೇಡ ಎಂದು ಪದ್ಧತಿಯಂತೆ ಮೂರು ಸಲ ಅಂದು, ತೆಗೆದುಕೊಂಡು ಹೋದರು.

ಮೋಟಾರು ಹೋದ ಮೇಲೆ ಆಕೆ ರೊಟ್ಟಿ ತುಣುಕಿನ ಬುಟ್ಟಿ ತಂದು ನನ್ನ ಮುಂದಿಟ್ಟಳು. ಆಕೆಯ ಕಣ್ಣು ಕೆಂಪಾಗಿತ್ತು, ಒಲೆಯ ಹೊಗೆಯಿಂದ ಅಲ್ಲ.

"ಉಣ್ಣೂ ಮಾತಿನ್ಯಾಗ ಸುಳ್ಳ ಹೇಳಬಾರದಪ್ಪ. ನಾಕು ಊರು, ನೂರು ತಾಟು ಎಲ್ಲಾ ನಿನ್ನ ಕೈಯಾಗಿಲ್ಲ. ಈ ಬುಟ್ಟಿ ನಮ್ಮ ಕೈಯಾಗ ಐತಿ. ಇದು ಖಾಲಿ ಆಗೂತನಾ ಬ್ಯಾರೆ ಮಾತ ಬ್ಯಾಡ."

ಏಣಿ ಇಟ್ಟು ಬೋರ್ಡು ಇಳಿಸಿದೆ. ಗೋಡೆಯ ಮೇಲಿನ ನೂರನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬೋರ್ಡಿನ ಅಳತೆ ಹಿಟ್ಟು ತುಂಬಿಡುವ ಹರವಿಯ ಬಾಯಿಗೆ ಸರಿಯಾಗಿತ್ತು, ಚಿಗವ್ವ ಅಕ್ಷರ ಕೆಳಗೆ ಮಾಡಿ ಮುಚ್ಚಳ ಮಾಡಿಕೊಂಡಳು.

ಮರುದಿನ ಆಕೆ ಸೆರಗು ಮುಂದಕ್ಕೆಳೆದುಕೊಂಡು ನೇರ ಮೋಟಾರಿನ ಹಿಂದಕ್ಕೆ ಹೋಗಿ ಭಟ್ಟಿಯನ್ನು ಬಗ್ಗಿ ನೋಡಿದಳು. ಕ್ಲೀನರ್ ಚಕ್ರ ತಿರುಗಿಸುವುದನ್ನು ಬಿಟ್ಟು ಬೆರಗಾಗಿ ನಿಂತ. ಇಪ್ಪತ್ತು ವರ್ಷ ಒಲೆ ಊದಿದವಳಿಗೆ ಅದರಲ್ಲಿ ಹೊಸದೇನಿತ್ತು? ದಟ್ಟ ಬಿಳಿ ಹೊಗೆ ಎಂದರೆ ಇದ್ದಿಲು ಹಸಿ. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿತೆಂದರೆ ಬೆಂಕಿ ಒಳಹೊಕ್ಕಿತು. ಹೊಗೆಯೇ ಕಾಣದಾಯಿತೆಂದರೆ ಇನ್ನು ಹಾರ್ನ್. ಅಡಿಗೆಯ ಕಿಟಕಿಯಿಂದ ಭಟ್ಟಿ ಚೆನ್ನಾಗಿ ಕಾಣುತ್ತಿತ್ತು. ನಮ್ಮಲ್ಲಿ ಗಡಿಯಾರವಿರಲಿಲ್ಲ, ಇದ್ದರೂ ಆಕೆಗೆ ನೋಡಲು ಬರುತ್ತಿರಲಿಲ್ಲ. ಹೊಗೆ ನೋಡುತ್ತ ರೊಟ್ಟಿ ಬಡಿದಳು, ಬಿಳಿಯಿಂದ ನೀಲಿಗೆ ಎಷ್ಟು ರೊಟ್ಟಿ, ನೀಲಿಯಿಂದ ಹಾರ್ನಿಗೆ ಎಷ್ಟು ಎಂದು ಎಣಿಸಿದಳು. ಎರಡು ದಿನದಲ್ಲಿ ಹದ ಸಿಕ್ಕಿತು ಎಂದುಕೊಂಡೆವು. ಮೂರನೆಯ ದಿನ ನಾಲ್ಕು ರೊಟ್ಟಿ ಹೊತ್ತಿದೆ ಎಂದು ನಾನು ಸಾರಿದ್ದೇ ತಡ, ಎರಡಕ್ಕೇ ಮೋಟಾರು ಹೊರಟು ಮೂವರು ಅದರ ಹಿಂದೆ ಓಡಿದರು. ವಿಚಾರಿಸಿದರೆ ಅಂದು ಕ್ಲೀನರ್ ಬದಲಾಗಿದ್ದ, ಗರಡಿ ಮನೆಯ ಪೈಲವಾನನಂಥ ಆಳು. ಆಮೇಲೆ ಚಿಗವ್ವ ಹೊಗೆಯ ಜೊತೆ ಚಕ್ರ ತಿರುಗಿಸುವವನ ತೋಳನ್ನೂ ನೋಡಿ ಎಣಿಸತೊಡಗಿದಳು.

ಬೀಗತನವನ್ನು ಮಾತ್ರ ಬಿಡಲಿಲ್ಲ, ಅದಕ್ಕೊಂದು ಅಳತೆ ಹಾಕಿದಳು. ಆರು ರೊಟ್ಟಿ ಹೊತ್ತಿದ್ದರೆ ಯಾವೂರು ಎಂದು ಕೇಳುವುದು, ಮೂರಿದ್ದರೆ ಬೆಣ್ಣೆ ಬಡಿಸಿ ಸುಮ್ಮನಿರುವುದು, ಒಂದೇ ಇದ್ದರೆ ತಾಟಿಗೆ ಬಡಿಸುವುದನ್ನು ಬಿಟ್ಟು ಬುತ್ತಿ ಕಟ್ಟಿ ಕೈಗೆ ಕೊಡುವುದು. ಜನ ನಂಬಿದರು. ಅವಸರವಿಲ್ಲದೆ ಕೂತು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹತ್ತುವಂತಾಯಿತು. ಡ್ರೈವರುಗಳೇ ತಮ್ಮ ಊಟ ನಮ್ಮಲ್ಲಿಗೆ ಬದಲಿಸಿಕೊಂಡರು.

ಶುರುವಿಗೆ ಆಕೆ ಒಳಗಿನಿಂದ ಮೆಲ್ಲಗೆ ಹೇಳುತ್ತಿದ್ದಳು, ನಾನು ಹೊರಗೆ ಕೂಗುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಗಂಡಸರ ಮುಂದೆ ದನಿ ಎತ್ತುವ ಪದ್ಧತಿಯಿಲ್ಲ. ಒಂದು ದಿನ ವೀಳ್ಯದೆಲೆ ತರಲು ಸವಣೂರಿಗೆ ಹೋದವನು ಬರುವುದು ತಡವಾಯಿತು. ಮೋಟಾರು ಬಂತು, ಜನ ಕೂತರು, ಹೊಗೆ ನೀಲಿಯಾಯಿತು. ಕೂಗುವವರಿಲ್ಲ. ನಾನು ಬಂದಾಗ ಆ ಪೈಲವಾನ ಕ್ಲೀನರ್ ಹಲ್ಲು ಕಿರಿಯುತ್ತ, "ನಿಮ್ಮ ಚಿಗವ್ವಾರ ದನಿ ಮುಂದ ನಮ್ಮ ಹಾರ್ನ್ ಏನೂ ಅಲ್ರಿ" ಅಂದ. ಅಂದಿನಿಂದ ಕೂಗುವ ಕೆಲಸ ನನ್ನ ಕೈ ಬಿಟ್ಟಿತು.

ಅತ್ತ ಚನ್ನವೀರಪ್ಪನವರ ಬುತ್ತಿಯ ಬಟ್ಟೆ ಒಗೆದು ಮಡಿಚಿದ್ದು ಡ್ರೈವರನ ಕೈಯಲ್ಲಿ ಮರಳಿ ಬಂತು. ಸಂಬಂಧ ಕುದುರಿದೆ, ಸಂತೆಯ ದಿನಕ್ಕೆ ಇಂಥವೇ ನಾಲ್ಕು ಬುತ್ತಿ ಬೇಕು ಎಂದು ಹೇಳಿ ಕಳಿಸಿದ್ದರು. ನಾಲ್ಕು ಎಂಟಾದವು. ಹಾನಗಲ್ಲಿನ ಕೋರ್ಟಿಗೆ ಬರುವ ಹಳ್ಳಿಯವರಿಗೆ, ಸವಣೂರಿನ ಎಲೆ ವ್ಯಾಪಾರಿಗಳಿಗೆ, ಒಂದೊಂದು ಮೋಟಾರಿನ ಮಾಡಿನ ಮೇಲೆ ಒಂದೊಂದು ಬುತ್ತಿಯ ಬುಟ್ಟಿ ಹೋಗತೊಡಗಿತು. ಹಿರೇಕೆರೂರಿನದು ದಾರಿಯಲ್ಲಿ ಮೋಟಾರು ಬದಲಿಸಿ ಹೋಗುತ್ತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ನನಗೆ ಒಮ್ಮೆಲೇ ಹೊಳೆಯಿತು, ನಾಲ್ಕೂ ಊರಲ್ಲಿ ನಮ್ಮ ಊಟ ಏಳುತ್ತಿದೆ. ಕುಣಿಯುತ್ತ ಚಿಗವ್ವನ ಹತ್ತಿರ ಹೋಗಿ, ಬೋರ್ಡು ಮತ್ತೆ ಹಾಕೋಣ, ಈಗ ಅದು ಸುಳ್ಳಲ್ಲ ಎಂದೆ. ಹಿಟ್ಟಿಗೆ ಇಲಿ ಬೀಳುತ್ತವೆ, ಮುಚ್ಚಳ ಮುಟ್ಟಬೇಡ ಎಂದಳು.

ಆ ತಿಂಗಳು ನಾವು ಶಿಗ್ಗಾಂವದ ಪೇಟೆಯಲ್ಲೇ ನಮ್ಮ ಜೋಳ ಕೊಂಡೆವು. ಮನೆಯ ಜೋಳ ಬೇಡವೆಂದು ಚಕ್ಕಡಿಯವನ ಕೈಯಲ್ಲಿ ಹೇಳಿ ಕಳಿಸಿದ್ದೆ. ಯಾಕೆ ಬೇಡ ಎಂದು ಹೇಳುವುದನ್ನು ಮರೆತಿದ್ದೆ. ಹತ್ತಿಮತ್ತೂರಿನಲ್ಲಿ ಅದರ ಅರ್ಥ ಒಂದೇ ಆಯಿತು, ಫಕೀರಪ್ಪನ ಖಾನಾವಳಿ ಮುಚ್ಚಿದೆ.

ಯುಗಾದಿಗೆ ಎರಡು ದಿನ ಇದ್ದಾಗ ಅಪ್ಪ ಖಾಲಿ ಚಕ್ಕಡಿ ಹೊಡೆದುಕೊಂಡು ಬಂದ, ಪಾತ್ರೆಪಗಡಿ ಹೇರಿಕೊಂಡು ನಮ್ಮಿಬ್ಬರನ್ನೂ ಕರೆದೊಯ್ಯಲು. ಮೇಲೆ ನೋಡಿದರೆ ಬೋರ್ಡು ಇಲ್ಲ. ಬಾಗಿಲಲ್ಲಿ ನೀಲವ್ವನ ಆಕಳು ಅಂಬಾ ಎನ್ನುತ್ತ ನಿಂತಿದೆ. ನೀಲವ್ವ ಅಪ್ಪನನ್ನು ಕಂಡದ್ದೇ ದೂರು ಹೇಳಿದಳು, "ಏನ ಮಗನ್ನ ಹಡದೀರಿ ಯಪ್ಪಾ, ತಿಂಗಳಾತು ಒಂದ ತುಣುಕು ರೊಟ್ಟಿ ಉಳಸವಲ್ಲ. ನಮ್ಮ ಆಕಳ ಮಾರಿ ನೋಡ್ರಿ." ಅಪ್ಪ ಆಕಳ ಮುಖ ನೋಡಿದ, ನನ್ನ ಮುಖ ನೋಡಿದ. ಏನೂ ತಿಳಿಯದೆ ಕೈಕಾಲು ತೊಳೆದು, ಮೋಟಾರಿನವರ ಸಾಲಿನಲ್ಲೇ ಊಟಕ್ಕೆ ಕೂತ. ಪಡಸಾಲೆ ತುಂಬಿತ್ತು. ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಒಳಗಿನಿಂದ, ತುಂಬು ಗಂಟಲಿನಿಂದ ಮಾತು ಬಂತು.

"ಇನ್ನೂ ಎರಡು ರೊಟ್ಟಿ ಹೊತ್ತೈತ್ರಿ, ಸಾವಕಾಶ ಉಣ್ರಿ."

ಅಪ್ಪನ ಕೈ ತಾಟಿನ ಮೇಲೆ ನಿಂತಿತು. "ಯಾರದೋ ಆ ದನಿ?" ಎಂದು ನನ್ನನ್ನು ಕೇಳಿದ.

"ಚಿಗವ್ವಂದು."

ಹದಿಮೂರು ವರ್ಷ ಒಂದೇ ಮನೆಯಲ್ಲಿ ಆಕೆ ಬಡಿದ ರೊಟ್ಟಿ ಉಂಡಿದ್ದ. ಭಾವನ ಮುಂದೆ ಮಾತಾಡಬಾರದೆಂದು ಆಕೆ ಆಡಿರಲಿಲ್ಲ, ಆಡಲಿ ಎಂದು ಅವನೂ ಅಂದಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಉಂಡ. ಮೋಟಾರು ಹೋಗಿ ಪಡಸಾಲೆ ಖಾಲಿಯಾಯಿತು. ಅವನು ಕೈ ತೊಳೆದು, ರುಮಾಲು ಸುತ್ತಿಕೊಂಡು, ಬಾಗಿಲಲ್ಲಿ ನಿಂತು ತನ್ನ ಖಾಲಿ ಚಕ್ಕಡಿಯನ್ನು ನೋಡಿದ.

"ಫಕೀರಾ, ನಿಮ್ಮ ಚಿಗವ್ವನ್ನ ಕೇಳು. ಹಬ್ಬಕ್ಕ ಬರ್ತಾಳೋ, ಇರಾಕ ಬರ್ತಾಳೋ."

ನಾನು ಒಳಗೆ ಹೋದೆ. ಚಿಗವ್ವ ಒಲೆಯ ಮುಂದಿನಿಂದ ಏಳಲಿಲ್ಲ, ದನಿಯನ್ನೂ ಇಳಿಸಲಿಲ್ಲ.

"ಹಬ್ಬಕ್ಕ ಬರ್ತೇನಂತ ಹೇಳು. ಮರುದಿನ ಮೋಟಾರು ಬರೂದ್ರಾಗ ಒಲಿ ಹಚ್ಚಬೇಕು, ಚಕ್ಕಡಿ ಜಲ್ದಿ ಹೂಡಬೇಕಂತ ಹೇಳು."

ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಹೊರಗಿನಿಂದಲೇ, "ಹೂಡತೇನಿ ಅಂತ ಹೇಳು" ಅಂದ. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಕೇಳಿಸಿತ್ತು. ಆದರೂ ಪದ್ಧತಿ ಪದ್ಧತಿಯೇ, ನಾನು ಮತ್ತೆ ಒಳಗೆ ಹೋಗಿ ಚಿಗವ್ವನಿಗೆ ಹೇಳಿ ಬಂದೆ.